ಮಳೆ, ಮುರಕಲ್ಲು, ಅಡಿಕೆ ಅಂಗಳ: ಜಲವರ್ಣಕ್ಕೆ ತಯಾರಾಗುವುದು ಹೇಗೆ?

ಜಲವರ್ಣ ಕಲಿಯಬೇಕೆಂದು ಮನೆಗೆ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಯಾವ ಬಣ್ಣ ತೆಗೆದುಕೊಳ್ಳಲಿ?" ನಾನು ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಕೈಗೆ ಕೊಟ್ಟು ಅಂಗಳಕ್ಕೆ ಕಳಿಸುತ್ತೇನೆ. ಬಣ್ಣದ ಮಾತು ಆಮೇಲೆ. ಕೆಲವರಿಗೆ ಬೇಜಾರಾಗುತ್ತದೆ. ಆದರೆ ಒಂದು ತಿಂಗಳು ಪುಸ್ತಕ ತುಂಬಿಸಿ ಬಂದವರಿಗೆ ತಮಗೆ ಯಾವ ಬಣ್ಣ ಬೇಕು ಅಂತ ಗೊತ್ತಿರುತ್ತದೆ. ಅವರು ಅಂಗಡಿಯಲ್ಲಿ 24 ಬಣ್ಣದ ಡಬ್ಬಿ ಕೇಳುವುದಿಲ್ಲ, ಆರು ಟ್ಯೂಬ್ ಕೇಳುತ್ತಾರೆ.

ಇನ್ನೊಂದು ಮಾತು. ಜಲವರ್ಣದ ಸಾಮಾನಿನ ಬಗ್ಗೆ ನಮಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಒಣ ಹವೆಯ, ತಂಪು ದೇಶಗಳವು. ನಮ್ಮದು ಕಾಸರಗೋಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಇಲ್ಲಿ ಕಾಗದ ಹೇಗಿಡಬೇಕು, ಬಣ್ಣ ಯಾವಾಗ ತುಂಬಿಸಬೇಕು, ಯಾವ ತಿಂಗಳು ಎಲ್ಲಿ ಕೂರಬೇಕು ಎಂಬುದನ್ನು ಮಳೆಯೇ ಹೇಳುತ್ತದೆ. ಹಾಗಾಗಿ ಇದು ನಮ್ಮ ಊರಿನ ಲೆಕ್ಕದಲ್ಲೇ ಬರೆದದ್ದು. ಕರಾವಳಿಯ ಬೇರೆ ಕಡೆ ಇರುವವರಿಗೂ ಬಹುಪಾಲು ಹೊಂದುತ್ತದೆ.

ಮೊದಲ ಹೆಜ್ಜೆ: ಬಣ್ಣಕ್ಕೆ ಹೆಸರಿಡುವ ಪುಸ್ತಕ

ಅಂಗಿಯ ಕಿಸೆಗೆ ಹಿಡಿಯುವಷ್ಟು ಸಣ್ಣ ಪುಸ್ತಕ ಸಾಕು. ಗೆರೆ ಇಲ್ಲದ್ದು ಇರಲಿ. ಒಂದು 2ಬಿ ಪೆನ್ಸಿಲ್. ಪುಟದ ಮೇಲರ್ಧದಲ್ಲಿ ಬೆಂಕಿಪೆಟ್ಟಿಗೆ ಗಾತ್ರದ ಒಂದು ಚೌಕ ಹಾಕಿ. ಅದರೊಳಗೆ ಕಂಡದ್ದನ್ನು ಬರೀ ಮೂರು ಛಾಯೆಯಲ್ಲಿ ಬಿಡಿಸಿ: ಬಿಳಿ, ಬೂದು, ಕಪ್ಪು. ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಕೆಳಗರ್ಧದಲ್ಲಿ ಬಣ್ಣಗಳನ್ನು ಮಾತಿನಲ್ಲಿ ಬರೆಯಿರಿ.

ಈ ಮಾತಿನಲ್ಲಿ ಬರೆಯುವುದೇ ಮುಖ್ಯ. "ಹಸಿರು" ಅಂತ ಬರೆದರೆ ನಾಲ್ಕು ದಿನ ಕಳೆದು ಅದು ಯಾವ ಹಸಿರು ಅಂತ ನಿಮಗೇ ನೆನಪಿರುವುದಿಲ್ಲ. "ಎಳೆ ಬಾಳೆ ಸುಳಿಯ ಹಸಿರು", "ಕೆರೆ ಮೆಟ್ಟಿಲಿನ ಪಾಚಿ ಹಸಿರು", "ವೀಳ್ಯದೆಲೆಯ ಬೆನ್ನಿನ ಹಸಿರು" ಅಂತ ಬರೆದು ನೋಡಿ. ಬಣ್ಣ ಕಣ್ಣೆದುರು ನಿಲ್ಲುತ್ತದೆ. ನನ್ನ ಹಳೆಯ ಪುಸ್ತಕಗಳಲ್ಲಿ ಹೀಗೆಲ್ಲ ಇವೆ: ಪುನರ್ಪುಳಿ (ಕೋಕಂ) ಸಾರಿನ ಕೆಂಪು, ಹೊಗೆ ಅಟ್ಟದ ತೊಲೆಯ ಕಪ್ಪು, ನೆನೆದ ತೆಂಗಿನ ಸಿಪ್ಪೆಯ ಕಂದು, ಕಾವಿ ನೆಲ ಒರೆಸಿದ ತಕ್ಷಣದ ಹೊಳಪು.

ಅವುಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು. ಮಳೆ ಶುರುವಾಗುವ ಹೊತ್ತಿಗೆ ನಮ್ಮ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುತ್ತಾರೆ. ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆಮೇಲೆ ಒಂದು ವಾರ ಗೊನೆ, ಸೋಗೆ, ಮರದ ಕಾಂಡ, ಕೆಳಗಿನ ಕಾಳುಮೆಣಸಿನ ಬಳ್ಳಿ, ಮದ್ದು ಬಿಟ್ಟವರ ಅಂಗಿ, ಎಲ್ಲದರ ಮೇಲೂ ಒಂದು ತೆಳು ನೀಲಿ ಇರುತ್ತದೆ. ಹಸಿರೂ ಅಲ್ಲ, ನೀಲಿಯೂ ಅಲ್ಲ. ಮೋಡ ಕವಿದ ಬೆಳಕಿನಲ್ಲಿ ಇಡೀ ತೋಟ ನೀರಿನ ಅಡಿಯಲ್ಲಿ ಇದ್ದ ಹಾಗೆ ಕಾಣುತ್ತದೆ. ನಾನು ಅದನ್ನು "ಮದ್ದಿನ ನೀಲಿ" ಅಂತ ಬರೆದುಕೊಂಡೆ. ಅದನ್ನು ಕಲಸಲು ಕಲಿಯುವುದಕ್ಕೇ ಎರಡು ಮಳೆಗಾಲ ಬೇಕಾಯಿತು. ಥ್ಯಾಲೋ ನೀಲಿಗೆ ಚೂರೇ ನಿಂಬೆ ಹಳದಿ, ತುಂಬಾ ನೀರು, ಮೊದಲಿನ ಹಸಿರು ಪೂರ್ತಿ ಒಣಗಿದ ಮೇಲೆ ಒಂದೇ ಸಲ ಎಳೆದ ತೆಳು ಪದರ. ಇಂಥ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಒಂದೇ ಜಾಗ, ಹಲವು ಸಲ

ಸ್ಫೂರ್ತಿಗಾಗಿ ದೂರ ಹೋಗಬೇಕು ಅಂತ ಅನ್ನಿಸುತ್ತದೆ, ಅಲ್ವಾ? ನನ್ನ ಸಲಹೆ ಬೇರೆ. ಮನೆಯ ಹತ್ತಿರ ಒಂದು ಜಾಗ ಆರಿಸಿ. ಅಲ್ಲಿಗೆ ವಾರಕ್ಕೊಮ್ಮೆಯಂತೆ ಆರೇಳು ವಾರ ಹೋಗಿ.

ಅಡಿಕೆ ಅಂಗಳ ಇದಕ್ಕೆ ಹೇಳಿ ಮಾಡಿಸಿದ್ದು. ಕೊಯ್ಲಾದ ಹಣ್ಣಡಿಕೆಯನ್ನು ಅಂಗಳಕ್ಕೆ ಹರಡಿದ ದಿನ ನೆಲವೆಲ್ಲ ಉರಿಯುವ ಕಿತ್ತಳೆ. ಅದು ಚಾಲಿ, ಅಂದರೆ ಒಣಗಿದ ಅಡಿಕೆ ಆಗಲು ಸುಮಾರು 40–45 ದಿನ ಬಿಸಿಲು ಬೇಕು. ಆ ದಿನಗಳಲ್ಲಿ ಕಿತ್ತಳೆ ಇಳಿದು ಇಟ್ಟಿಗೆ ಕೆಂಪಾಗುತ್ತದೆ, ಆಮೇಲೆ ಕಂದು, ಕೊನೆಗೆ ಬೂದಿ ಕಲಸಿದ ಹಾಗೆ ಒಣ ಬಣ್ಣ. ಜಾಗ ಅದೇ, ಕೂರುವ ಮೆಟ್ಟಿಲು ಅದೇ, ಗಂಟೆಯೂ ಅದೇ. ಬದಲಾಗುವುದು ಬಣ್ಣ ಮಾತ್ರ. ಆರು ವಾರದಲ್ಲಿ ಆರು ಸಣ್ಣ ಚಿತ್ರ ಮಾಡಿ ಸಾಲಾಗಿ ಇಟ್ಟು ನೋಡಿ. ಬಣ್ಣದ ಬಗ್ಗೆ ಅದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಗೊತ್ತಿಲ್ಲ.

ಅಂಗಳ ಇಲ್ಲದವರಿಗೆ ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಇದೆ. ಹೊಸತಾಗಿ ಕಡಿದ ಕಲ್ಲಿನೊಳಗೆ ಹಳದಿ, ಕಿತ್ತಳೆ, ನೇರಳೆ, ಅಲ್ಲಲ್ಲಿ ಬಿಳಿ ಜೇಡಿಯ ಮಚ್ಚೆ. ಗಾಳಿಗೆ ಬಿದ್ದ ಮೇಲೆ ಅದು ಗಟ್ಟಿಯಾಗುತ್ತಾ ಕಪ್ಪಾಗುತ್ತದೆ. ಒಂದು ಮಳೆ ಕಳೆದರೆ ಪಾಚಿ. ಬೇಸಿಗೆಯಲ್ಲಿ ಅದೇ ಪಾಚಿ ಒಣಗಿ ಮಸಿ ಬಳಿದ ಹಾಗೆ. ಒಂದೇ ಗೋಡೆಗೆ ವರ್ಷಕ್ಕೆ ಮೂರು ವೇಷ.

ಯಾವ ತಿಂಗಳು, ಎಲ್ಲಿ

ಬೇಕಲ ಕೋಟೆಗೆ ಎಲ್ಲರೂ ಹೋಗುತ್ತಾರೆ. ನಾನೂ ಹೋಗುತ್ತೇನೆ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆ ಹರಡಿದೆ. ಅಷ್ಟನ್ನೂ ಒಂದು ಕಾಗದದಲ್ಲಿ ತುಂಬಿಸಲು ಹೋಗಬೇಡಿ. ಸಮುದ್ರಕ್ಕೆ ಚಾಚಿದ ಬುರುಜಿನ ಒಂದು ಮೂಲೆ, ಅದರ ಕೆಳಗೆ ಒಡೆಯುವ ನೊರೆ, ಸಾಕು. ಬೆಳಗ್ಗೆ ಕೋಟೆಯ ಸಮುದ್ರದ ಬದಿ ನೆರಳಲ್ಲಿ ಇರುತ್ತದೆ. ಸಂಜೆ ನಾಲ್ಕೂವರೆ ನಂತರ ಅದೇ ಗೋಡೆ ಕೆಂಡದ ಬಣ್ಣ. ಡಿಸೆಂಬರ್, ಜನವರಿ ಒಳ್ಳೆಯದು. ಮಾರ್ಚ್ ನಂತರ ಗಾಳಿ, ಬಿಸಿಲು ಸೇರಿ ಕಾಗದದ ನೀರು ಕ್ಷಣದಲ್ಲಿ ಆರಿ ಹೋಗುತ್ತದೆ.

ಶಾಂತವಾಗಿ ಕೂರಬೇಕು ಎನ್ನುವವರಿಗೆ ಕುಂಬಳೆ ಹತ್ತಿರದ ಅನಂತಪುರ. ಮುರಕಲ್ಲಿನ ಪದವಿನ, ಅಂದರೆ ಎತ್ತರದ ಬಯಲಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ. ನೀರಿನಲ್ಲಿ ಬೀಳುವ ಗುಡಿಯ ನೆರಳು ಕಲಿಯುವವರಿಗೆ ಒಳ್ಳೆಯ ಅಭ್ಯಾಸ. ನೀರಲ್ಲಿ ಕಾಣುವ ತಿಳಿ ಬಣ್ಣ ಮೇಲಿನದ್ದಕ್ಕಿಂತ ಸ್ವಲ್ಪ ಮಂಕು, ಗಾಢ ಬಣ್ಣ ಸ್ವಲ್ಪ ತಿಳಿ. ಇದನ್ನು ಕಣ್ಣಾರೆ ನೋಡಿ ಒಪ್ಪಿಕೊಂಡರೆ ಮತ್ತೆ ತಪ್ಪುವುದಿಲ್ಲ. ಮಧೂರಿನಲ್ಲಿ ಮಧುವಾಹಿನಿಯ ಆಚೆ ದಡದ ಕಡೆಯಿಂದ ದೇವಸ್ಥಾನದ ಮಾಡು ನೋಡಿ. ಆನೆಯ ಬೆನ್ನಿನಂತೆ ದುಂಡಗೆ ಬಾಗಿದ, ಹಂತ ಹಂತದ ಮಾಡು ಅದು. ಗೆರೆ ಹಿಡಿಯುವುದು ಕಷ್ಟ. ಪೆನ್ಸಿಲಿನಲ್ಲೇ ನಾಲ್ಕೈದು ಸಲ ಬಿಡಿಸಿದ ಮೇಲೆ ಬಣ್ಣಕ್ಕೆ ಕೈಹಾಕಿ.

ಮಂಜು ಬೇಕಾದವರು ಪೊಸಡಿಗುಂಪೆಗೆ ಬೆಳಗ್ಗೆ ಬೇಗ ಹೋಗಲಿ. ಗುಡ್ಡದ ಹಿಂದೆ ಗುಡ್ಡ, ಒಂದಕ್ಕಿಂತ ಒಂದು ತೆಳು. ಪದರ ಪದರವಾಗಿ ಬಣ್ಣ ಹಾಕುವುದನ್ನು ಅಲ್ಲಿ ಕಲಿಯಬಹುದು. ಚಂದ್ರಗಿರಿ ಹೊಳೆಯ ಸೇತುವೆ, ಶಿರಿಯ ಹೊಳೆ ಕಡಲು ಸೇರುವ ಅಳಿವೆ, ಮಂಜೇಶ್ವರದ ಕಣ್ವತೀರ್ಥ, ಇವು ನೀರು ಮತ್ತು ಆಕಾಶದ ಜಾಗಗಳು. ಒಂದೊಂದು ಸಂಜೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟ ಆಗಸ್ಟ್ ಕೊನೆಯ ಪದವುಗಳು. ಬೇಸಿಗೆಯಲ್ಲಿ ಕರಿ ಬಂಡೆಯ ಹಾಗೆ ಸುಡುವ ಮುರಕಲ್ಲಿನ ಬಯಲು, ಮಳೆ ಸ್ವಲ್ಪ ಹಿಂದೆಗೆದಾಗ ಹೂವಿನ ಹಾಸಾಗುತ್ತದೆ. ಬೆರಳುಗುರಿಗಿಂತ ಸಣ್ಣ ನೀಲಿ ಹೂ. ಮಲಯಾಳದವರು ಕಾಕಪೂವು ಅನ್ನುತ್ತಾರೆ, ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಕಿತ್ತು ತರುತ್ತಿದ್ದ ಹೂ ಅದು. ಜೊತೆಗೆ ಬಿಳಿ ಗುಂಡಿಯಂಥ ಹುಲ್ಲು ಹೂ. ದೂರದಿಂದ ನೋಡಿದರೆ ಹೂ ಕಾಣುವುದಿಲ್ಲ, ಬಯಲಿಗೆ ನೀಲಿ ಹೊಗೆ ಕೂತ ಹಾಗೆ ಇರುತ್ತದೆ. ಇದನ್ನು ಹೂ ಹೂವಾಗಿ ಬಿಡಿಸಿದರೆ ಕೆಟ್ಟುಹೋಗುತ್ತದೆ. ಕಾಗದ ಒದ್ದೆ ಇರುವಾಗಲೇ ಅಲ್ಟ್ರಾಮರೀನಿಗೆ ಚೂರು ಗುಲಾಬಿ ಸೇರಿಸಿ ಬಿಡಬೇಕು. ಹತ್ತಿರದ ಮೂರು ಹೂ ಮಾತ್ರ ಕೊನೆಗೆ ಸಣ್ಣ ಕುಂಚದಲ್ಲಿ. ಕಾಲಿಡುವಾಗ ಜಾಗ್ರತೆ. ಒಂದು ಹೆಜ್ಜೆಯಡಿ ನೂರು ಗಿಡ ಇರುತ್ತದೆ.

ಕೋಲ, ಯಕ್ಷಗಾನ: ನೋಡುವುದಕ್ಕೆ ಒಂದು ಕ್ರಮ

ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆ ತನಕ ನಮ್ಮಲ್ಲಿ ರಾತ್ರಿಗಳಿಗೆ ಬಣ್ಣದ ಕೊರತೆ ಇಲ್ಲ. ಬಡಗಿನಲ್ಲಿ ಭೂತಕೋಲ, ತೆಂಕಿಗೆ ಹೋದ ಹಾಗೆ ತೆಯ್ಯಂ, ಎಲ್ಲ ಕಡೆ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಮ್ಮದೇ ಜಿಲ್ಲೆಯಲ್ಲಿದೆ.

ಕೋಲದ ಜಾಗದಲ್ಲಿ ಪುಸ್ತಕ ತೆರೆಯುವ ಮುಂಚೆ ಮನೆಯವರಲ್ಲಿ ಅಥವಾ ಗುತ್ತಿನವರಲ್ಲಿ ಕೇಳಿ. ಬೇಡ ಅಂದರೆ ಬೇಡ. ಅದು ಅವರ ನಂಬಿಕೆಯ ಜಾಗ, ನಮ್ಮ ಅಭ್ಯಾಸದ ಕೋಣೆ ಅಲ್ಲ. ಬಿಡಿಸಲು ಒಪ್ಪಿಗೆ ಸಿಗದ ರಾತ್ರಿ ನಾನು ಸುಮ್ನೆ ನಿಂತು ನೋಡುತ್ತೇನೆ. ಮನೆಗೆ ಬಂದು ನೆನಪಿನಿಂದ ಬಿಡಿಸುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಒಳ್ಳೆಯ ಚಿತ್ರಗಳು ಹಾಗೆ ಬಂದವು. ನೆನಪು ಬೇಡದ್ದನ್ನು ಬಿಟ್ಟುಬಿಡುತ್ತದೆ. ತೆಂಗಿನ ಗರಿಯ ಸಿರಿ, ದೊಂದಿಯ ಬೆಳಕು ಬಿದ್ದ ಒಂದು ಕೆನ್ನೆ, ಹಿಂದಿನ ಕತ್ತಲು, ಇಷ್ಟೇ ಉಳಿಯುತ್ತದೆ.

ಯಕ್ಷಗಾನದಲ್ಲಿ ಸ್ವಲ್ಪ ಸುಲಭ. ಮುಂದಿನ ಸಾಲಿನ ಬದಿಯಲ್ಲಿ ಕೂತು 30 ಸೆಕೆಂಡಿನ ಗೆರೆಗಳನ್ನು ಹಾಕಿ. ಕಿರೀಟ, ಭುಜಕೀರ್ತಿಯ ವಿವರ ಬೇಡ, ದೇಹದ ಓಲಾಟ ಸಾಕು. ವೇಷ ಕಟ್ಟುವ ಚೌಕಿಗೆ ಹೋಗಲು ಬಿಟ್ಟರೆ ಬಣ್ಣಗಾರಿಕೆ ನೋಡಿ. ಕಲಾವಿದರು ಕನ್ನಡಿ ಹಿಡಿದು ಒಂದೊಂದೇ ಬಣ್ಣವನ್ನು ಮುಖಕ್ಕೆ ಹೇಗೆ ಪಕ್ಕಪಕ್ಕ ಇಡುತ್ತಾರೆ ಎಂಬುದನ್ನು ನೋಡಿದರೆ ನಮಗೂ ಧೈರ್ಯ ಬರುತ್ತದೆ.

ಫೋನಿನ ಫೋಟೊ ತೆಗೆಯಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಫೋನು ಹಸಿರನ್ನು ಜೋರು ಮಾಡುತ್ತದೆ, ನೆರಳನ್ನು ಕಪ್ಪು ಮಾಡುತ್ತದೆ. ಆಕೃತಿಗೆ ಫೋಟೊ ನೋಡಿ, ಬಣ್ಣಕ್ಕೆ ನಿಮ್ಮ ಪುಸ್ತಕ ನೋಡಿ. ಫೋಟೊವನ್ನು ಕಪ್ಪುಬಿಳುಪು ಮಾಡಿ ನೋಡಿದರೆ ಬೆಳಕು ನೆರಳಿನ ಲೆಕ್ಕ ಸಿಗುತ್ತದೆ. ದೊಡ್ಡವರ ಚಿತ್ರ ನೋಡಬೇಕೆನ್ನುವವರು ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕ್ ಬದಿಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಮರೆಯಬೇಡಿ. ಕೆ. ವೆಂಕಟಪ್ಪ ಅವರು ಜಲವರ್ಣದಲ್ಲಿ ಹಿಡಿದ ಊಟಿ, ಕೊಡೈಕನಾಲಿನ ಮಂಜನ್ನು ನೋಡಿದ ಮೇಲೆ ನಮ್ಮ ಗುಡ್ಡದ ಮಂಜು ಬೇರೆಯೇ ಕಾಣುತ್ತದೆ.

ಕಾಗದ: ದುಡ್ಡು ಇಲ್ಲಿ ಹಾಕಿ

ಈಗ ಸಾಮಾನು. ನಿಮ್ಮಲ್ಲಿ ಸ್ವಲ್ಪವೇ ದುಡ್ಡಿದ್ದರೆ ಕಾಗದಕ್ಕೆ ಹಾಕಿ. ಒಳ್ಳೆಯ ಕಾಗದದ ಮೇಲೆ ಸಾಧಾರಣ ಬಣ್ಣ ಚೆನ್ನಾಗಿಯೇ ಹರಿಯುತ್ತದೆ. ಕೆಟ್ಟ ಕಾಗದದ ಮೇಲೆ ಎಂಥ ದುಬಾರಿ ಬಣ್ಣವೂ ಸತ್ತು ಮಲಗುತ್ತದೆ. ಶುರುವಿನಲ್ಲಿ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಕಾಗದದ ತಪ್ಪನ್ನು ತಮ್ಮ ಕೈಯ ತಪ್ಪು ಅಂದುಕೊಂಡವರು. ಇದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಕೇಳಬೇಕಾದದ್ದು ಮೂರು. 100 ಶೇಕಡಾ ಹತ್ತಿ. 300 ಜಿಎಸ್‌ಎಂ ದಪ್ಪ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಕ. ಕೋಲ್ಡ್ ಪ್ರೆಸ್, ಅಂದರೆ ಸಣ್ಣ ತರಿ ಇರುವ ಮೈ. ಹಾಟ್ ಪ್ರೆಸ್ ನುಣುಪು, ಎಲೆ ಹೂವಿನ ಸೂಕ್ಷ್ಮ ಕೆಲಸಕ್ಕೆ. ರಫ್ ಎಂಬುದು ಇನ್ನೂ ಒರಟು, ಬಂಡೆ, ಸಮುದ್ರದ ಹೊಳಪಿಗೆ ಚೆನ್ನ. ಮೊದಲಿಗೆ ಕೋಲ್ಡ್ ಪ್ರೆಸ್ ಸಾಕು. ಆರ್ಶ್, ಸಾಂಡರ್ಸ್ ವಾಟರ್‌ಫೋರ್ಡ್ ಹೆಸರುವಾಸಿ, ಬೆಲೆಯೂ ಹಾಗೇ. ನಮ್ಮ ದೇಶದ ಚಿತ್ರಪಟ್ ಕಾಗದ, ಬ್ರುಸ್ಟ್ರೋದ ಹತ್ತಿ ಕಾಗದ ಕಲಿಯಲು ಧಾರಾಳ ಸಾಕು.

ಪ್ಯಾಡ್ ಕೊಳ್ಳುವುದಕ್ಕಿಂತ ಪೂರ್ತಿ ಹಾಳೆ ಕೊಳ್ಳಿ. ಹಾಳೆಯ ಅಳತೆ 22 ಇಂಚು, 30 ಇಂಚು. ಅದನ್ನು ಎಂಟು ತುಂಡು ಮಾಡಿದರೆ ಒಂದೊಂದು 11 ಇಂಚು, 7.5 ಇಂಚು. ಚೀಲಕ್ಕೆ ಹಿಡಿಯುತ್ತದೆ, ಲೆಕ್ಕ ಹಾಕಿದರೆ ಅಗ್ಗವೂ ಆಗುತ್ತದೆ. ನಮ್ಮಲ್ಲಿ ಬಹುಪಾಲು ಜನ ಮಂಗಳೂರಿಗೆ ಹೋಗಿ ತರುತ್ತಾರೆ, ಇಲ್ಲವೇ ತರಿಸಿಕೊಳ್ಳುತ್ತಾರೆ. ನಾಲ್ಕೈದು ಜನ ಸೇರಿ ತರಿಸಿ ಹಂಚಿಕೊಂಡರೆ ಸಾಗಾಟದ ಖರ್ಚು ಉಳಿಯುತ್ತದೆ.

ಈಗ ಮಳೆಗಾಲದ ವಿಷಯ. ಜಲವರ್ಣದ ಕಾಗದಕ್ಕೆ ತಯಾರಿಸುವಾಗಲೇ ಒಂದು ಅಂಟು ಕೊಟ್ಟಿರುತ್ತಾರೆ. ಸೈಸಿಂಗ್ ಅನ್ನುತ್ತಾರೆ. ಒಳ್ಳೆಯ ಕಾಗದಗಳಲ್ಲಿ ಹೆಚ್ಚಾಗಿ ಜೆಲಟಿನ್. ಅದು ನೀರನ್ನು ತಕ್ಷಣ ಒಳಗೆಳೆಯದಂತೆ ತಡೆದು ಬಣ್ಣವನ್ನು ಮೇಲೆ ತೇಲಿಸುತ್ತದೆ. ಶೀತದಲ್ಲಿ ಕಾಗದ ತುಂಬಾ ದಿನ ಇದ್ದರೆ ಆ ಅಂಟು ಅಲ್ಲಲ್ಲಿ ಸಾಯುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಬಣ್ಣ ಹಾಕಿದಾಗ ಮಾತ್ರ ಶಾಯಿ ಹೀರುವ ಕಾಗದದ ಹಾಗೆ ಕುಡಿದು ಮಚ್ಚೆ ಮಚ್ಚೆ ಆಗುತ್ತದೆ. ನಾನು ಒಂದು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಹತ್ತು ಹಾಳೆ ತಂದು ಪೇಪರಿನಲ್ಲಿ ಸುತ್ತಿ ಮರದ ಕಪಾಟಿನಲ್ಲಿ ಇಟ್ಟಿದ್ದೆ. ಜೂನ್‌ನಲ್ಲಿ ಇಟ್ಟದ್ದು ಅಕ್ಟೋಬರ್‌ನಲ್ಲಿ ತೆಗೆದೆ. ಹತ್ತೂ ಹೋಗಿತ್ತು. ಆ ದಿನ ಊಟ ಸೇರಲಿಲ್ಲ.

ಹಾಗಾಗಿ ಹೀಗೆ ಮಾಡಿ. ಹಾಳೆ ತಂದ ದಿನವೇ ಕತ್ತರಿಸಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಎರಡು ಇಟ್ಟು, ಗಾಳಿ ಹೊರತೆಗೆದು ಮುಚ್ಚಿ. ಚೀಲವನ್ನು ಬಿಗಿ ಮುಚ್ಚಳದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ. ಗೋಡೆಗೆ ತಾಗಿಸಬೇಡಿ, ನೆಲದಲ್ಲೂ ಬೇಡ. ಮಳೆಗಾಲಕ್ಕೆ ಬೇಕಾದಷ್ಟು ಮಾತ್ರ ಮೇ ತಿಂಗಳಲ್ಲಿ ತನ್ನಿ, ಉಳಿದದ್ದು ನವೆಂಬರ್‌ಗೆ. ಹಳೆಯ ಕಾಗದ ಬಳಸುವ ಮುಂಚೆ ಮೂಲೆಯಲ್ಲಿ ಒಂದು ಹನಿ ಬಣ್ಣದ ನೀರು ಇಡಿ. ಹನಿ ಸ್ವಲ್ಪ ಹೊತ್ತು ಉಬ್ಬಿ ನಿಂತರೆ ಕಾಗದ ಸರಿಯಿದೆ. ಕೂಡಲೇ ಇಂಗಿ ಹರಡಿದರೆ ಅದನ್ನು ಪೆನ್ಸಿಲ್ ಕೆಲಸಕ್ಕೆ, ಬಣ್ಣ ಕಲಸಿ ನೋಡುವುದಕ್ಕೆ ಇಟ್ಟುಕೊಳ್ಳಿ.

ಹಲಗೆಗೆ ಕಾಗದ ಹಿಡಿಸಲು ಮಳೆಗಾಲದಲ್ಲಿ ಟೇಪ್ ಬೇಡ. ಶೀತಕ್ಕೆ ಒಂದೋ ಬಿಟ್ಟುಬರುತ್ತದೆ, ಇಲ್ಲ ಕಾಗದದ ಮೈ ಕಿತ್ತುಕೊಂಡು ಬರುತ್ತದೆ. ನಾಲ್ಕು ದೊಡ್ಡ ಕ್ಲಿಪ್ ಸಾಕು.

ಕುಂಚ

ಇಲ್ಲಿ ಹೇಳಲು ಜಾಸ್ತಿ ಇಲ್ಲ. ಎಂಟನೇ ನಂಬರಿನ ದುಂಡು ಕುಂಚ ಒಂದು, ಹನ್ನೆರಡನೆಯದು ಒಂದು, ಒಂದು ಇಂಚಿನ ಚಪ್ಪಟೆ ಒಂದು. ಒದ್ದೆ ಮಾಡಿ ಕೊಡವಿದಾಗ ತುದಿ ಸೂಜಿಯಂತೆ ಕೂಡಬೇಕು. ಸಿಂಥೆಟಿಕ್ ಕುಂಚ ಈಗ ಚೆನ್ನಾಗಿ ಸಿಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿ ಇರಿ. ಮುಂಗುಸಿ ಕೂದಲಿನ ಕುಂಚ ಯಾರೇ ಕೊಟ್ಟರೂ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದರ ಮಾರಾಟ ಅಪರಾಧ. ಬುಡ ಕಂದು, ನಡುವೆ ತಿಳಿ ಪಟ್ಟೆ, ತುದಿ ಗಾಢ ಇರುವ ಕೂದಲು ಕಂಡರೆ ಅಂಗಡಿಯವರಲ್ಲಿ ಕೇಳಿ. ನಮ್ಮ ತೋಟದ ಬೇಲಿಯಲ್ಲಿ ಮರಿಗಳ ಜೊತೆ ಓಡುವ ಪ್ರಾಣಿ ಅದು. ನಮ್ಮ ಚಿತ್ರಕ್ಕೆ ಅದರ ಜೀವ ಬೇಕಿಲ್ಲ.

ಆರು ಬಣ್ಣ

ಜಲವರ್ಣ ಅಂದರೆ ಬಣ್ಣದ ಪುಡಿ ಮತ್ತು ಗಮ್ ಅರೇಬಿಕ್ ಎಂಬ ಜಾಲಿ ಜಾತಿಯ ಮರದ ಅಂಟು. ಟ್ಯೂಬಿನ ಮೇಲೆ ಪುಡಿಯ ಸಂಕೇತ ಇರುತ್ತದೆ. ಹೊರಗಿನ ಚಂದದ ಹೆಸರು ಬಿಡಿ, ಸಂಕೇತ ಓದಿ. ಒಂದೇ ಸಂಕೇತ ಇದ್ದರೆ ಒಂದೇ ಪುಡಿ, ಕಲಸಿದಾಗ ಕೆಸರಾಗುವುದು ಕಡಿಮೆ.

ನನ್ನ ಆರು ಇವು. ನಿಂಬೆ ಹಳದಿ. ಯೆಲ್ಲೋ ಓಕರ್, ಪಿವೈ 42 ಅಥವಾ 43. ಬರ್ನ್ಟ್ ಸಿಯೆನ್ನಾ. ಗುಲಾಬಿ ಕೆಂಪಿಗೆ ಕ್ವಿನಾಕ್ರಿಡೋನ್, ಪಿವಿ 19. ಅಲ್ಟ್ರಾಮರೀನ್, ಪಿಬಿ 29. ಥ್ಯಾಲೋ ನೀಲಿ, ಪಿಬಿ 15. ಕಪ್ಪು ಬೇಡ. ಹಸಿರೂ ಬೇಡ. ಅಡಿಕೆ, ತೆಂಗು, ಬಾಳೆ, ಗೇರು, ಹಲಸು, ಇಷ್ಟು ಹಸಿರಿನ ನಡುವೆ ಇರುವವರು ಹಸಿರು ಕೊಳ್ಳಬೇಡಿ ಅಂದರೆ ವಿಚಿತ್ರ ಅನಿಸಬಹುದು. ಟ್ಯೂಬಿನ ಹಸಿರು ಒಂದೇ ತರ ಇರುತ್ತದೆ. ನಮ್ಮ ಮರಗಳು ಹಾಗಿಲ್ಲ. ನಿಂಬೆ ಹಳದಿಗೆ ಚೂರು ಅಲ್ಟ್ರಾಮರೀನ್ ಹಾಕಿದರೆ ನೇಜಿ (ಭತ್ತದ ಸಸಿ) ಗದ್ದೆ. ಓಕರಿಗೆ ಥ್ಯಾಲೋ ಹಾಕಿದರೆ ತೆಂಗಿನ ಗರಿ. ಅದಕ್ಕೇ ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಹಲಸಿನ ಎಲೆಯ ನೆರಳು. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಎರಡೇ ಕಲಸಿದರೆ ಕರ್ಕಾಟಕ ಮಾಸದ ಮೋಡ ಸಿಗುತ್ತದೆ. ಆ ಬೂದು ಒಣಗುವಾಗ ಪುಡಿ ಪುಡಿಯಾಗಿ ಕೂರುತ್ತದೆ, ಮೋಡದ ಮೈಗೆ ತಕ್ಕದಾಗಿ.

ಕ್ಯಾಮೆಲ್‌ನ ಆರ್ಟಿಸ್ಟ್ ಟ್ಯೂಬುಗಳಿಂದ ಶುರು ಮಾಡಬಹುದು. ಶಾಲೆ ಮಕ್ಕಳ ಬಣ್ಣದ ಬಿಲ್ಲೆ ಬೇಡ. ಇನ್ನೊಂದು ಎಚ್ಚರಿಕೆ: ಸೆನೆಲಿಯೇ ಕಂಪನಿಯದ್ದರ ತರದ ಜೇನು ಸೇರಿಸಿದ ಬಣ್ಣಗಳು ಚೆನ್ನಾಗಿರುತ್ತವೆ, ಆದರೆ ನಮ್ಮ ಮಳೆಗಾಲದಲ್ಲಿ ಅವು ಗಟ್ಟಿಯಾಗುವುದೇ ಇಲ್ಲ. ಚೀಲ ಓರೆಯಾದರೆ ಹರಿದು ಹೋಗುತ್ತದೆ. ಟ್ಯೂಬಿನಿಂದ ಬಣ್ಣದ ಪೆಟ್ಟಿಗೆಯ ಸಣ್ಣ ಅಚ್ಚುಗಳಿಗೆ ತುಂಬಿಸುವ ಕೆಲಸ ಏನಿದ್ದರೂ ಡಿಸೆಂಬರ್–ಫೆಬ್ರವರಿಯಲ್ಲಿ ಮುಗಿಸಿ.

ಬಣ್ಣ ಬಾಳುತ್ತದೆಯೇ ಅಂತ ನೋಡಲು ಒಂದು ಪಟ್ಟಿ ಕಾಗದಕ್ಕೆ ಎಲ್ಲ ಬಣ್ಣ ಬಳಿಯಿರಿ. ಅರ್ಧವನ್ನು ದಪ್ಪ ರಟ್ಟಿನಲ್ಲಿ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಮೂರು ತಿಂಗಳು ಬಿಟ್ಟು ರಟ್ಟು ತೆಗೆಯಿರಿ. ಅದರಲ್ಲಿ ಅರಸಿನದ ನೀರು, ಪುನರ್ಪುಳಿ ರಸವನ್ನೂ ಬಳಿದಿಡಿ. ಎರಡೂ ಮಾಯವಾಗುತ್ತವೆ. ಹೂ ಹಣ್ಣಿನ ರಸದಲ್ಲಿ ಚಿತ್ರ ಮಾಡುವುದು ಮಕ್ಕಳಿಗೆ ಖುಷಿ, ಆದರೆ ಉಳಿಯುವುದಿಲ್ಲ.

ಉಳಿಯುವ ಬಣ್ಣ ಕಾಲ ಕೆಳಗೆ ಇದೆ

ಮಣ್ಣಿನ ಬಣ್ಣ ಮಾತ್ರ ಎಷ್ಟು ಬಿಸಿಲಿಗೂ ಬಗ್ಗುವುದಿಲ್ಲ. ಅಂಗಡಿಯ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾಗಳಲ್ಲಿ ಇರುವುದು ಕಬ್ಬಿಣದ ತುಕ್ಕಿನ ಬಣ್ಣ. ನಮ್ಮ ಮುರಕಲ್ಲಿನಲ್ಲಿ ಇರುವುದೂ ಅದೇ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಮಲಬಾರಿನ ಅಂಗಡಿಪುರದ ಕಲ್ಲನ್ನು ನೋಡಿಯೇ. ಅದೇ ಕಲ್ಲಿನ ಮೇಲೆ ನಾವು ಮನೆ ಕಟ್ಟಿದ್ದೇವೆ, ಅದನ್ನೇ ಕೊರೆದು ಸುರಂಗದಿಂದ ನೀರು ತಂದಿದ್ದೇವೆ. ಬಣ್ಣವನ್ನೂ ತರಬಹುದು.

ನಾನು ಮಾಡುವ ಕ್ರಮ ಇದು.

ನಿಮ್ಮದೇ ಜಾಗದ ಬರೆಯಿಂದ (ಗುಡ್ಡ ಕಡಿದ ಬದಿಯಿಂದ) ಕೆಂಪು, ಹಳದಿ, ನೇರಳೆ ಮಣ್ಣನ್ನು ಬೇರೆ ಬೇರೆ ತನ್ನಿ. ಒಂದೊಂದು ತೆಂಗಿನ ಚಿಪ್ಪಿನಷ್ಟು ಸಾಕು. ಬಿಸಿಲಲ್ಲಿ ಒಣಗಿಸಿ, ಕುಟ್ಟಿ, ಹಳೆ ಪಂಚೆಯ ಬಟ್ಟೆಯಲ್ಲಿ ಸೋಸಿ. ಕುಟ್ಟುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳು ಎದೆಗೆ ಒಳ್ಳೆಯದಲ್ಲ.

ಪುಡಿಯನ್ನು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಹೋಗುತ್ತದೆ, ನುಣುಪು ಮಣ್ಣು ನೀರಲ್ಲೇ ತೇಲುತ್ತದೆ. ಆ ಬಣ್ಣದ ನೀರನ್ನು ಇನ್ನೊಂದು ಪಾತ್ರೆಗೆ ನಿಧಾನ ಬಗ್ಗಿಸಿ. ಇದನ್ನೇ ಎರಡು ಮೂರು ಸಲ ಮಾಡಿ. ಕೊನೆಯ ಪಾತ್ರೆಯನ್ನು ಎರಡು ದಿನ ಅಲುಗಾಡಿಸದೆ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥ ಕೆಸರು ಕೂರುತ್ತದೆ. ಮೇಲಿನ ತಿಳಿ ನೀರು ಚೆಲ್ಲಿ, ಕೆಸರನ್ನು ಒಣಗಿಸಿ.

ಹಳದಿ ಮಣ್ಣನ್ನು ಹಳೆ ಕಬ್ಬಿಣದ ಕಾವಲಿಯಲ್ಲಿ ಹೊರಗಿನ ಒಲೆಯ ಮೇಲೆ ಹುರಿದು ನೋಡಿ. ಕಣ್ಣೆದುರೇ ಕೆಂಪಾಗುತ್ತದೆ. ಹಳದಿ ಕೊಡುವ ಖನಿಜದಲ್ಲಿರುವ ನೀರಿನ ಅಂಶ ಬಿಸಿಗೆ ಹೋಗಿ ಅದು ಕೆಂಪು ಖನಿಜವಾಗುತ್ತದೆ. ಬರ್ನ್ಟ್ ಸಿಯೆನ್ನಾ ಎಂಬ ಹೆಸರಿನಲ್ಲಿ "ಸುಟ್ಟ" ಅಂತ ಇರುವುದು ಇದಕ್ಕೇ. ಹುರಿಯುವ ಹೊತ್ತನ್ನು ಬದಲಾಯಿಸಿದರೆ ಒಂದೇ ಮಣ್ಣಿನಿಂದ ನಾಲ್ಕು ಬಣ್ಣ ಸಿಗುತ್ತದೆ.

ಅಂಟಿಗೆ ಒಂದು ಪಾಲು ಗಮ್ ಅರೇಬಿಕ್, ಎರಡು ಪಾಲು ಬಿಸಿನೀರು. ರಾತ್ರಿಯಿಡೀ ನೆನೆಸಿ ಸೋಸಿ. ನಾಲ್ಕು ಚಮಚ ಅಂಟಿನ ನೀರಿಗೆ ಒಂದು ಚಮಚ ಜೇನು, ಬೂಸು ಹಿಡಿಯದಂತೆ ಎರಡು ಹನಿ ಲವಂಗದ ಎಣ್ಣೆ. ದಪ್ಪ ಗಾಜಿನ ತುಂಡಿನ ಮೇಲೆ ಪುಡಿ ಮತ್ತು ಅಂಟು ಹಾಕಿ, ತಳ ಸಪಾಟಾಗಿರುವ ಗಾಜಿನ ಲೋಟದಿಂದ ವೃತ್ತವಾಗಿ ಅರೆಯಿರಿ. ಅರ್ಧ ಗಂಟೆ. ಗಾಜಿನ ಕೆಳಗಿನ ಕರಕರ ಸದ್ದು ನಿಂತಾಗ ಬಣ್ಣ ತಯಾರು. ಒಂದು ಗೆರೆ ಎಳೆದು ಒಣಗಿಸಿ ಬೆರಳಿಂದ ಉಜ್ಜಿ. ಪುಡಿ ಬೆರಳಿಗೆ ಬಂದರೆ ಅಂಟು ಕಡಿಮೆ. ಹೊಳೆದು ಬಿರುಕು ಬಿಟ್ಟರೆ ಅಂಟು ಜಾಸ್ತಿ.

ಇದನ್ನು ತುಂಬಿಸಿಡಲು ಮರುವಾಯಿ ಚಿಪ್ಪು ಬಳಸಿ. ಹೊಳೆ ಅಳಿವೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಿಂದೆ ಮೊಘಲರ ಕಾಲದ ಚಿತ್ರಗಾರರೂ ಬಣ್ಣವನ್ನು ಚಿಪ್ಪಿನಲ್ಲೇ ಇಡುತ್ತಿದ್ದರು. ಒಳಮೈ ಬಿಳಿ, ನುಣುಪು. ಬಣ್ಣದ ನಿಜ ಛಾಯೆ ಕಾಣುತ್ತದೆ.

ಇಂಗಳೀಕ, ಅರದಾಳಗಳನ್ನು ಮಾತ್ರ ಮನೆಯಲ್ಲಿ ಅರೆಯಲು ಹೋಗಬೇಡಿ. ವೇಷದ ಬಣ್ಣವಾಗಿ ಹೆಸರು ಕೇಳಿರುತ್ತೀರಿ. ಇಂಗಳೀಕದಲ್ಲಿ ಪಾದರಸ ಇದೆ, ಅರದಾಳದಲ್ಲಿ ಆರ್ಸೆನಿಕ್. ಎರಡೂ ವಿಷ.

ಚೀಲ

ಹೊರಗೆ ಹೋಗುವಾಗ ನನ್ನ ಚೀಲದಲ್ಲಿ ಇರುವುದು ಇಷ್ಟು: ಕತ್ತರಿಸಿದ ಕಾಗದ ನಾಲ್ಕು, ಪ್ಲೈವುಡ್ ಹಲಗೆ, ಕ್ಲಿಪ್, ಮೂರು ಕುಂಚ, ಆರು ಬಣ್ಣ, ಎರಡು ಮಣ್ಣಿನ ಚಿಪ್ಪು, ನೀರಿಗೆ ಎರಡು ಡಬ್ಬಿ, ಹಳೆ ಬನಿಯನ್ ತುಂಡು. ಬಣ್ಣ ಕಲಸಲು ಅಂಚು ಎದ್ದ ಬಿಳಿ ಪಿಂಗಾಣಿ ತಟ್ಟೆ. ತಲೆಗೆ ಮುಟ್ಟಾಳೆ. ಅಡಿಕೆ ಹಾಳೆಯ ಈ ಟೊಪ್ಪಿಯಷ್ಟು ತಂಪು ಬೇರೆ ಯಾವುದೂ ಇಲ್ಲ. ಬಿಸಿಲಲ್ಲಿ ಕಾಗದದ ಬಿಳಿ ಕಣ್ಣಿಗೆ ಹೊಡೆಯುವುದನ್ನೂ ಅದರ ನೆರಳು ತಡೆಯುತ್ತದೆ.

ಮಳೆಗಾಲದಲ್ಲಿ ನಾನು ಚಾವಡಿಯಲ್ಲೇ ಕೂರುತ್ತೇನೆ. ಒಂದು ಪದರ ಒಣಗಲು ಅರ್ಧ ಗಂಟೆ ಬೇಕು, ಕೆಲವು ದಿನ ಇನ್ನೂ ಜಾಸ್ತಿ. ಆಗ ಎರಡು ಚಿತ್ರ ಒಟ್ಟಿಗೆ ಶುರು ಮಾಡಿ. ಒಂದು ಒಣಗುವಾಗ ಇನ್ನೊಂದು. ಬಣ್ಣ ಬಣ್ಣದೊಳಗೆ ಹರಿಯುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಒಣ ಕುಂಚದ ಒರಟು ಗೆರೆಗಳನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಒದ್ದೆಯಲ್ಲೇ ಮುಚ್ಚಬೇಡಿ. ಮೂರೇ ದಿನದಲ್ಲಿ ಬಿಳಿ ಬೂಸು ಬರುತ್ತದೆ. ಬಂದಿದ್ದರೆ ಮೇಲಿನ ಪದರವನ್ನು ಒದ್ದೆ ಹತ್ತಿಯಿಂದ ತೆಗೆದು, ಬಿಸಿಲು ಬಂದ ಗಳಿಗೆಯಲ್ಲಿ ಅಂಗಳದಲ್ಲಿ ತೆರೆದಿಡಿ. ಬಿಸಿಲೇ ಇಲ್ಲದ ವಾರ ನಮ್ಮ ಮನೆಯಲ್ಲಿ ಅದು ಬಚ್ಚಲೊಲೆಯ ಹತ್ತಿರದ ದಂಡೆಯ ಮೇಲೆ, ಒಣಗಲು ಹಾಕಿದ ಹಪ್ಪಳದ ಪಕ್ಕ ಇರುತ್ತದೆ.